ಸಾರಾಂಶ, ಮುನ್ನೂರು ಪದ ಮೀರದಂತೆ

ನಗೀನಾ ಸ್ಕೂಟಿ ನಿಲ್ಲಿಸಿ, ಫೋನ್ ನೋಡಿ ಓದಿ ಹೇಳಿದಳು:
ನವೆಂಬರದಾಗ ಬೆಳಗಾವಿಯೊಳಗ ಒಂದು ಸಮ್ಮೇಳನ,
ಫೆಬ್ರವರಿಗೆ ಇನ್ನೊಂದು, ಸಮುದ್ರದಾಚೆ,
ವಿಷಯ ಎರಡಕ್ಕೂ ಒಂದ: ಚಂದ್ರನ ಮ್ಯಾಲೆ ವಸತಿ.
ಸಾರಾಂಶ ಕಳಸಾಕ ಶುಕ್ರವಾರ ಕಡೀ ದಿನ.
'ಅಜ್ಜಾ, ಊರು ಎಬ್ಬಿಸಿ ಊರು ಕೂಡಿಸಿದ ಅನುಭವ
ಇವರ್ಯಾರಿಗೂ ಇದ್ದಂಗಿಲ್ಲ. ನೀ ಹೇಳು, ನಾ ಹೊಡೀತೀನಿ.'

ಬರಕೋ ಹಂಗಾರ.

ಹೆಸರು ಯಂಕಪ್ಪ ವಾಲೀಕಾರ.
ಹುದ್ದೆ: ಸರಪಳಿ ಹಿಡಿಯಾಂವ, ಪುನರ್ವಸತಿ ಕಚೇರಿ, ಬಾಗಲಕೋಟಿ. ನಿವೃತ್ತ.
ಸಂಸ್ಥೆ ಅನ್ನೂ ಜಾಗದಾಗ ನವನಗರ ಅಂತ ಹಾಕು,
ಸೆಕ್ಟರ್ ನಂಬರ್ ಬ್ಯಾಡ.

ಹಿನ್ನೀರು ಬರೂ ಮುಂಚೆ ಈ ಬಯಲು ಹೆಂಗಿತ್ತಂದ್ರ
ನೀವು ಚಿತ್ರದಾಗ ತೋರಸ್ತೀರಲ್ಲ, ಹಂಗ ಇತ್ತು:
ಗರಸು, ಕಲ್ಲು, ಕುಣಿ,
ನೆರಳು ಬೇಕಂದ್ರ ನಮ್ದ ನೆರಳು.
ಮೂವತ್ಮೂರು ಫೂಟಿನ ಸರಪಳಿ, ಹದಿನಾರಾಣೆ,
ಒಂದು ತುದಿ ನನ್ನ ಕೈಯಾಗ, ಇನ್ನೊಂದು ಸಾಹೇಬರ ಗೂಟದಾಗ.
ಓಣಿ ಇಲ್ಲದ ಜಾಗಕ್ಕ ಓಣಿ ಎಳದಿವಿ,
ಸುಣ್ಣದ ಗೆರಿ. ಸಂಜೀಕ ಗಾಳಿ ಬಂದು ಅಳಿಸಿಬಿಡ್ತಿತ್ತು.
ನಿಮಗ ಆ ತ್ರಾಸಿಲ್ಲ. ಅಲ್ಲಿ ಗಾಳಿ ಇಲ್ಲಂತ,
ಒಮ್ಮೆ ತಪ್ಪು ಗೆರಿ ಎಳದ್ರ ಲಕ್ಷ ವರ್ಷ ಹಂಗ ಇರತೈತಿ.
ಹುಷಾರ್.

ಮನಿ ಎಣಿಸೂದು ಸಸಾರ ಅಂತ ತಿಳೀಬ್ಯಾಡ್ರಿ.
ಕಿಲ್ಲಾದಾಗ ಒಂದು ತಲಬಾಗಲಕ್ಕ ಐದು ಒಲಿ ಇದ್ದವು.
ಬಾಗಲಾ ಎಣಿಸಿದ್ರ ಒಂದು, ಹೊಗಿ ಎಣಿಸಿದ್ರ ಐದು.
ಕಾಗದ ಬಾಗಲಾ ಎಣಿಸ್ತು.
ಅವತ್ತು ರಾತ್ರಿ ಒಬ್ಬಾಕಿ, ಕಾಶವ್ವ ಅಂತ,
ಕಂದೀಲ ಹಿಡಕೊಂಡು ನಮ್ಮ ಮನೀಗೆ ಬಂದು
'ನಂದೂ ಒಂದು ಒಲಿ ಐತಿ, ಬರಕೋ' ಅಂದಳು.
ನಾ ಬರಕೊಳ್ಳಾಂವ ಅಲ್ಲವಾ, ಎಳಿಯಾಂವ, ಅಂದೆ.
ಇದನ್ನ ಪ್ರಬಂಧದಾಗ ಹೆಂಗ ಹಾಕ್ತಾರ ನನಗ ಗೊತ್ತಿಲ್ಲ.
ಹಾಕು.

ಚೀಟಿ ಎತ್ತಿ ಪ್ಲಾಟ್ ಕೊಟ್ರು. ನ್ಯಾಯ ಅದು, ಒಪ್ಪೀನಿ.
ಆದ್ರ ಚೀಟಿಗೆ ಕಣ್ಣಿಲ್ಲ:
ನಲವತ್ತು ವರ್ಷ ಗ್ವಾಡಿಗೆ ಗ್ವಾಡಿ ಹಚ್ಚಿ ಇದ್ದ ರಾಜೇಸಾಬನ ಮನಿ
ಹದಿನೇಳು ಸೆಕ್ಟರ್ ಆಚೆ ಹೋತು.
ಹೆಪ್ಪಿಗೆ ಒಂದು ಚಮಚಾ ಮಜ್ಜಿಗಿ ಕೇಳಾಕ
ಅವನ ಹೆಂಡತಿ ಟಂಟಂ ಹತ್ತಿ ಬಂದಳು.
ನಗಬ್ಯಾಡ ನಗೀನಾ, ನಿಮ್ಮಜ್ಜಿ ಆಕಿ.
ಚಂದ್ರನ ಮ್ಯಾಲೆ, ಮಜ್ಜಿಗಿ ಕೇಳೂ ಅಷ್ಟು ದೂರದಾಗ
ಮಂದಿ ಇರಲಿ ಅಂತ ಒಂದು ನಿಯಮ ಮಾಡ್ರಿ.

ಮೊದಲನೇ ವರ್ಷ ವಿಳಾಸ ಹೇಳಾಕ ಬರದ ನಿಂದರ್ತಿದ್ರು ಜನ.
ಸೆಕ್ಟರ್ ಮರತು, 'ನೀರಾಗ ಹೋದ ಬೇವಿನ ಗಿಡದ ಹಿಂದಿನಾವ್ರು' ಅಂತಿದ್ರು.
ಪೋಸ್ಟಮನ್ನೂ ಅದ ಓಣ್ಯಾಂವ, ಅವಗ ತಿಳೀತಿತ್ತು.
ನಿಮ್ಮ ಮೊದಲ ರಾಕೆಟ್ಟಿನ್ಯಾಗ ಅಂಥಾ ಒಬ್ಬಾಂವಗ ಸೀಟ್ ಇಡ್ರಿ.

ಇನ್ನ ಹೋಳಿ.
ನಮ್ಮೂರ ಹಲಗಿ ಸಪ್ಪಳ ಕೇಳಿರಬೇಕು ನೀವು, ಇಲ್ಲಾಂದ್ರ ಬರ್ರಿ.
ನವನಗರದಾಗ ಮೊದಲ ಹೋಳಿಗೆ ಹಲಗಿ ಬಡದ್ರ
ದನಿ ಎದಕ್ಕೂ ತಾಕಲಿಲ್ಲ, ಹಂಗ ಬಯಲಾಗಿ ಹೋತು.
ಹಳೇ ಊರಾಗ ಗ್ವಾಡಿಗೋಳು ತಿರುಗಿ ಬಾರಸ್ತಿದ್ವು.
ಅಲ್ಲಿ ಬಯಲೂ ಕೇಳೂದಿಲ್ಲ. ಹಲಗಿಗೆ ಏನು ಮಾಡ್ತೀರಿ?
ನಗೀನಾ ಅಂತಾಳ, ತೊಗಲಿನ ಮ್ಯಾಲೆ ಅಂಗೈ ಇಟ್ರ ನಡುಕ ತಿಳೀತೈತಿ.
ಸರಿ. ಎಲ್ಲಾರೂ ಒಂದ ಹಲಗಿ ಮ್ಯಾಲೆ ಕೈ ಇಡ್ರಿ.

ಆಕಿ ಇನ್ನೊಂದು ಮಾತು ಹೇಳ್ಯಾಳ, ಅವತ್ತಿನಿಂದ ನಿದ್ದಿ ಇಲ್ಲ:
ನಮಗ ಹುಣ್ಣಿವಿ ಇದ್ದಾಗ
ಅಲ್ಲಿಂದ ನೋಡಾವ್ರಿಗೆ ಭೂಮಿ ಅಮಾಸಿ.
ಕಾಮಣ್ಣನ ಬೆಂಕಿ ಹಚ್ಚಿ ನಾವು ಮ್ಯಾಲೆ ನೋಡ್ತಿರ್ತೀವಿ,
ಅವರು ಇತ್ತ ನೋಡಿದ್ರ, ಕತ್ತಲಿ.

ಬ್ಯಾಸಗಿಗೆ ಹಿನ್ನೀರು ಇಳದಾಗ ನಾನೂ ಹಂಗ ನಿಂತು ನೋಡೀನಿ.
ಹಳೇ ಕಟ್ಟೀ ಕಲ್ಲು ಮ್ಯಾಲೆ ಬಂದಿರತಾವು,
ಯಾರ ಕಟ್ಟಿ ಅಂತ ತಿಳಿಯೂದಿಲ್ಲ.
ಸರಪಳಿ ಇದ್ರ ಹೇಳ್ತಿದ್ದೆ.

ಎಷ್ಟಾತು? ಮುನ್ನೂರು ದಾಟಿತಾ?
ಹಂಗಾರ ನನ್ನ ಹುದ್ದೆ ತಗದು ಹಾಕು.
ಹೆಸರೂ ತಗಿ, ನಡೀತೈತಿ.
ಕಾಶವ್ವನ ಒಲಿ ತಗೀಬ್ಯಾಡ.