ಏಳು ನಿಮಿಷದ ಕರಡಿ

ಚೋರ್ ಬಜಾರಿನಲ್ಲಿ ತೂಕಕ್ಕೆ ಹಾಕಿ ಕೊಟ್ಟ ರೀಲು.
ಡಬ್ಬಿಗೆ ತುಕ್ಕು, ಒಳಗೆ ವಿನೆಗರಿನ ಹುಳಿ ವಾಸನೆ,
ಮುಚ್ಚಳದ ಮೇಲೆ ಹೆಸರಿಲ್ಲ.
ನಾನೇ ರಿಪೇರಿ ಮಾಡಿದ ಮಿಷನ್ನಿಗೆ ಸುತ್ತಿ
ಡೊಂಬಿವಲಿಯ ಗೋಡೆಗೆ ಬಿಟ್ಟರೆ
ಅದೇ ಕರಡಿ!
ಅಡುಗೆಭಟ್ಟನ ಬಿಳಿ ಟೊಪ್ಪಿ, ಸೊಂಟಕ್ಕೊಂದು ವಸ್ತ್ರ,
ಎದುರಿಗೆ ಅದೇ ಗಿರಾಕಿ ಆಡು,
ಮೆನು ಕಾರ್ಡನ್ನೂ ಮೇಯುವ ಆಡು.

ಐವತ್ತೆಂಟು ವರ್ಷದ ಮೇಲೆ ಸಿಕ್ಕಿದ್ದೀ.
ಕೂತುಕೋ, ಇವತ್ತು ಲೆಕ್ಕ ಆಗಿಬಿಡಲಿ.

ಮೊದಲು ನಿನ್ನ ಕುಂದು.
ನೀನು ಓಡುವಾಗ ಹಿಂದೆ ಓಡುವ ಬೀದಿ ಇದೆಯಲ್ಲ,
ಶುದ್ಧ ಮೋಸ.
ಅದೇ ದೀಪದ ಕಂಬ, ಅದೇ ಹೂಕುಂಡ, ಅದೇ ಹಸಿರು ಬಾಗಿಲು,
ಆರು ಸಲ ಬಂತು, ಎಣಿಸಿದೆ.
ಕಪಾಟಿಗೆ ಹತ್ತು ಬಾಗಿಲಿದ್ದರೆ
ತೆರೆಯಬೇಕಾದ ಬಾಗಿಲಿಗೆ ಮಾತ್ರ ತುಸು ತಿಳಿ ಬಣ್ಣ;
ಆಡು ಎಲ್ಲಿ ಅಡಗಿದೆ ಎಂದು ಕೂಸಿಗೂ ಗೊತ್ತು.
ನೀನು ಜಾರುವ ಮೊದಲೇ ಕೊಳಲು ಜಾರುತ್ತದೆ,
ನಗಿ ಎಂದು ನಮಗೆ ಅಪ್ಪಣೆ.
ನಾಲ್ಕನೇ ನಿಮಿಷಕ್ಕೆ ಬರೆದವನಿಗೆ ಹಸಿವಾಗಿರಬೇಕು:
ಮತ್ತೆ ಅದೇ ಬಾಣಲೆ, ಮತ್ತೆ ಅದೇ ತಲೆ.

ಆಮೇಲೆ ಆ ಪೇಟದವನು.
ಹಾವಿನ ಬುಟ್ಟಿ ಕಂಕುಳಲ್ಲಿಟ್ಟು ಊಟಕ್ಕೆ ಬರುವವನು,
ಮಾತಿಲ್ಲ, ಬಾಯಲ್ಲಿ ಬರೀ ಗುಳುಗುಳು.
ಫೋರ್ಟಿನ ರಾತ್ರಿಶಾಲೆಯ ಬೆಂಚುಗಳ ಮೇಲೆ
ನಾವು ನಲವತ್ತು ಮಂದಿ
ಬಿದ್ದು ಬಿದ್ದು ನಕ್ಕಿದ್ದೆವು.
ಅದು ನಾವೇ ಎಂದು ಯಾರೂ ಹೇಳಲಿಲ್ಲ.
ಇಂಗ್ಲಿಷ್ ಬಲ್ಲ ಪದ್ಮಣ್ಣ ಮಾಸ್ಟ್ರೂ ಹೇಳಲಿಲ್ಲ;
ಸೊಹ್ರಾಬ್ ಬಾವಾನಿಂದ ಎರವಲು ತಂದ ಪ್ರೊಜೆಕ್ಟರಿನ
ಸಡಿಲ ಬೆಲ್ಟನ್ನು
ಬೆರಳಲ್ಲಿ ಒತ್ತಿ ಹಿಡಿದು ನಿಂತಿದ್ದರು.

ಇನ್ನು ಜಮೆ.

ಹೊಟೇಲಿನ ಕಾನೂನು ನಿನಗೆ ಗೊತ್ತಿಲ್ಲ, ಕರಡಿ.
ಒಡೆದ ಕಪ್ಪಿಗೂ ತಟ್ಟೆಗೂ ನಾಲ್ಕಾಣೆ,
ಬಶಿಗೆ ಎರಡಾಣೆ.
ಗಲ್ಲಾದ ಮೇಲೆ ಉದ್ದನೆಯ ಕೆಂಪು ಪುಸ್ತಕ,
ಅದರಲ್ಲಿ ನಮ್ಮ ನಮ್ಮ ಹೆಸರು,
ಹೆಸರಿನ ಕೆಳಗೆ ನಾವು ಬೀಳಿಸಿದ್ದು.
ಹಗಲೆಲ್ಲ ನೀರಲ್ಲಿದ್ದ ಕೈ,
ರಾತ್ರಿ ಪೆನ್ಸಿಲ್ ಹಿಡಿದರೆ ಜಾರುತ್ತಿತ್ತು.

ಅಂಥವರ ಮುಂದೆ
ನೂರು ತಟ್ಟೆಯ ಗೋಪುರ ಹೊತ್ತು ಬಂದೆ ನೀನು.
ಎಡವಿದೆ.
ತಟ್ಟೆಗಳು ಬೀಳಲಿಲ್ಲ,
ಅರೆಗಳಿಗೆ ಗಾಳಿಯಲ್ಲೇ ನಿಂತವು,
ನೆಲ ಎಷ್ಟು ದೂರ ಎಂದು ಯೋಚಿಸುವಂತೆ.
ಆ ಅರೆಗಳಿಗೆಯನ್ನು ಬರೆದವನು ಯಾವನೋ
ಒಂದು ಕಾಲದಲ್ಲಿ ತಟ್ಟೆ ಹೊತ್ತವನೇ ಸೈ.
ಇಲ್ಲದಿದ್ದರೆ ನಿನ್ನ ಕಿರುಬೆರಳು
ಹಾಗೆ ಸೆಟೆಯುತ್ತಿರಲಿಲ್ಲ.

ಆಮೇಲೆ ನೂರೂ ಬಿದ್ದವು.
ಕೊಳಲು, ತಮಟೆ, ತುತ್ತೂರಿ ಎಲ್ಲ ಒಟ್ಟಿಗೆ.
ಶಾಲೆಯಲ್ಲಿ ಒಬ್ಬನೂ ನಗಲಿಲ್ಲ.
ಪಕ್ಕದಲ್ಲಿ ಶಿರ್ವದ ತಣಿಯ ಬೆರಳು ಮಡಿಸುತ್ತಿದ್ದ:
ನೂರು ನಾಲ್ಕಾಣೆ, ಇಪ್ಪತ್ತೈದು ರೂಪಾಯಿ,
ಒಂದು ತಿಂಗಳ ಸಂಬಳ ಪೂರ್ತಿ.
‘ಸತ್ತ’ ಅಂದ, ಮೆಲ್ಲಗೆ.

ಅಷ್ಟರಲ್ಲಿ ದೃಶ್ಯ ಬದಲಾಯಿತು.
ಮೇಜಿನ ಮೇಲೆ ನೂರೂ ತಟ್ಟೆ,
ಈಗಷ್ಟೇ ಒರೆಸಿ ಇಟ್ಟ ಹಾಗೆ.
ಪುಸ್ತಕ ಇಲ್ಲ. ಧಣಿ ಇಲ್ಲ. ಕೇಳುವವರೇ ಇಲ್ಲ.
ಚಿತ್ರ ಬರೆದವರ ಕೈತಪ್ಪು ಇದ್ದೀತು,
ಅಥವಾ ಸೋಮಾರಿತನ.
ಸಂಗೀತ ಸುಮ್ಮನಿತ್ತು, ಅದು ನಗುವ ಜಾಗವೇ ಅಲ್ಲ.
ಅಲ್ಲಿ ನಕ್ಕೆವು ನಾವು.
ಎಷ್ಟೆಂದರೆ ಮಾಸ್ಟ್ರು ಬೆಲ್ಟು ಬಿಟ್ಟರು,
ನೀನು ಗೋಡೆಯ ಮೇಲೆ ನಡುಗುತ್ತ ನಿಂತುಬಿಟ್ಟೆ,
ಒಂದು ಕಾಲು ಮೇಲೆ,
ನಾವು ನಗುತ್ತಲೇ ಇದ್ದೆವು.

ಹತ್ತಕ್ಕೆ ಐದೂವರೆ, ಕರಡಿ.
ಇನ್ನೂ ಕೇಳಬೇಡ, ಕೊಡಲಾರೆ.
ಆ ಅರ್ಧ ಮಾರ್ಕು ಯಾವುದಕ್ಕೆ ಎಂದೂ ಕೇಳಬೇಡ.

ಮರುದಿನ ಬೆಳಗಿನ ಗದ್ದಲದಲ್ಲಿ
ತಣಿಯ ಬೇಕೆಂದೇ ಒಂದು ಬಶಿ ಕೈಬಿಟ್ಟ.
ತಲೆ ಬಗ್ಗಿಸಿ ಕಾದ.

ಗಾಳಿಯಲ್ಲಿ ನಿಲ್ಲಲಿಲ್ಲ ಅದು.
ಎರಡಾಣೆ.