ನಿಮಿಷಕ್ಕೆ ಮೂವತ್ನಾಲ್ಕು

ರಾತ್ರಿ ಎರಡೂ ಕಾಲು.
ಮೊಬೈಲಿನ ಬೆಳಕಿಗೆ ಅಂಗೈ ಅಡ್ಡ ಹಿಡಿದು
ಎಣಿಸುತ್ತಿದ್ದೇನೆ
ಒಂದು ಪುಟ್ಟ ಹೊಟ್ಟೆ ಏರುವುದನ್ನು, ಇಳಿಯುವುದನ್ನು.
ಮೂವತ್ನಾಲ್ಕು.
ಆಗಲೇ ಮೂವತ್ತೊಂದಿತ್ತಲ್ಲ?
ನಡುವೆ ಒಮ್ಮೆ ಕಾಲು ಝಾಡಿಸಿತು,
ಎಣಿಕೆ ತಪ್ಪಿತೋ, ಉಸಿರೇ ತಪ್ಪಿತೋ.
ಮತ್ತೆ ಒಂದರಿಂದ.

ಎಣಿಸುವುದು ನನ್ನ ಕಸುಬು.
ಹನ್ನೊಂದು ವರ್ಷದಿಂದ ಲ್ಯಾಬಿನ ಕಿಟಕಿಯ ಹಿಂದೆ
ಗಾಜಿನ ಪಟ್ಟಿಯ ಮೇಲೆ ಸವರಿದ ಪರರ ರಕ್ತ,
ಬಿಳಿ ಕಣ, ಕೆಂಪು ಕಣ, ಪ್ಲೇಟ್ಲೆಟ್ಟು.
ಡೆಂಗಿ ಜೋರಾದ ವರ್ಷ ದಿನಕ್ಕೆ ಇನ್ನೂರು ಟ್ಯೂಬು;
ಕೈ ನಡುಗಿದ್ದಿಲ್ಲ.
'ಹಾಲಮ್ಮ ಮೇಡಂ ಕಲ್ಲು' ಅಂತಾರೆ ಟ್ರೇನಿಂಗಿಗೆ ಬಂದ ಹುಡುಗಿಯರು.
ಹೊಗಳಿಕೆಯೆಂದೇ ತಿಳಿದಿದ್ದೆ.

ಇದು ಬಂದದ್ದು ಮಂಡಕ್ಕಿ ಭಟ್ಟಿಯಿಂದ.
ಕೊಟ್ರೇಶಿ ಲಗೇಜು ಆಟೋದಿಂದ ಚೀಲ ಇಳಿಸುವಾಗ
ಎರಡು ಮೂಟೆಗಳ ಸಂದಿಯಲ್ಲಿ
ಭತ್ತದ ಹೊಟ್ಟಿನ ಬೂದಿ ಮೆತ್ತಿಕೊಂಡು, ಕಣ್ಣು ಪಿಳಿಪಿಳಿ.
ಮೂರು ಸಲ ತೊಳೆದರೂ ಬೂದಿ ಹೋಗಲಿಲ್ಲ;
ನಾಲ್ಕನೆಯ ಸಲಕ್ಕೆ ಗೊತ್ತಾಯಿತು, ಬಣ್ಣವೇ ಅದು.
ಬೂದ್ಯಾ ಎಂದು ಹೆಸರಾಯಿತು.

ಸೋಮವಾರ ಬಿಕ್ಕಳಿಕೆ.
ಹನ್ನೆರಡು ನಿಮಿಷ ಇಡೀ ಮೈ ಬಿಕ್ಕಿತು, ಬಾಲವೂ ಬಿಕ್ಕಿತು.
'ಯಾರೋ ನೆನೆಸ್ಕೊಂಡಿರ್ಬೇಕು ಬಿಡು' ಎಂದ ಕೊಟ್ರೇಶಿ.
ಇದನ್ನು ಯಾರು ನೆನೆಸುತ್ತಾರೆ?
ಭಟ್ಟಿಯ ಹಿಂದೆ ಬೂದಿಗುಡ್ಡೆಯ ಬೆಚ್ಚಗಿನ ಮಗ್ಗುಲಲ್ಲಿ
ಮಲಗಿರಬಹುದಾದ ತಾಯಿ?
ಆ ರಾತ್ರಿ ಅದೂ ಒಂದು ಚಿಂತೆಯಾಯಿತು.

ಬುಧವಾರ ಮೂಗು ಒಣಗಿತ್ತು.
ಬೆರಳಿಟ್ಟು ನೋಡಿದೆ, ಕೆನ್ನೆಯಿಟ್ಟು ನೋಡಿದೆ,
ಹೋಲಿಸಲು ನನ್ನ ಮೂಗನ್ನೂ ಮುಟ್ಟಿಕೊಂಡೆ.
ಹೊಟ್ಟೆಯ ಮೇಲೆ ಎರಡು ಕೆಂಪು ಚುಕ್ಕೆ.
ಕಕ್ಕ ಸಡಿಲ, ತುದಿಯಲ್ಲಿ ಮಾತ್ರ.
ಚೂರು ಡಬ್ಬಿಗೆ ತುಂಬಿ, ಯಾರಿಗೂ ಹೇಳದೆ
ಮೈಕ್ರೋಸ್ಕೋಪಿನ ಕೆಳಗಿಟ್ಟೆ.
ರಿಜಿಸ್ಟರಿನಲ್ಲಿ ಬರೆದೆ: ಬೂದೇಶಪ್ಪ, ಗಂಡು, ವಯಸ್ಸು...
ಪೆನ್ನು ನಿಂತಿತು.
ಹುಳ ಇರಲಿಲ್ಲ. ಮಂಡಕ್ಕಿಯ ಸಿಪ್ಪೆಯೊಂದು
ದೊಡ್ಡ ಹಡಗಿನಂತೆ ಬಿದ್ದಿತ್ತು.

ದನದ ಆಸ್ಪತ್ರೆಯಲ್ಲಿ ನನ್ನ ಮುಂದೆ ಒಂದು ಎಮ್ಮೆ,
ಹೊಟ್ಟೆಯೊಳಗೆ ಕರು ಅಡ್ಡ ತಿರುಗಿತ್ತು.
ಡಾಕ್ಟರ ತೋಳು ಭುಜದವರೆಗೂ ಕಾಣುತ್ತಿರಲಿಲ್ಲ.
ನಾನು ಟವೆಲಿನಲ್ಲಿ ಬೊಗಸೆಯಷ್ಟು ಜೀವ ಸುತ್ತಿಕೊಂಡು.
ಹಗ್ಗ ಹಿಡಿದವನು ಕೇಳಿದ: 'ಏನಾಗೇತಮ್ಮಾ ಅದಕ್ಕೆ?'
'ಮೂರು ಸಲ ಸೀನಿತು.'
ಅವನು ನಗಲಿಲ್ಲ.
ತನ್ನ ಎಮ್ಮೆಯ ಬೆನ್ನು ಸವರಿ
'ಬಾಯಿಲ್ಲದವು, ನಾವೇ ನೋಡ್ಕಬೇಕು' ಎಂದ.

ಕರು ಬಂತು. ಡಾಕ್ಟರು ಕೈ ತೊಳೆಯುತ್ತಲೇ:
'ಏನು ತಿನ್ಸಿದ್ರಿ?'
ಬೆಣ್ಣೆದೋಸೆಯ ಅಂಚು, ಕಾಸಿನಗಲ.
ಕಳ್ಳತನ ಒಪ್ಪಿಕೊಂಡಂತೆ ಒಪ್ಪಿಕೊಂಡೆ.
'ಬೆಣ್ಣೆ ಬ್ಯಾಡ, ಗಂಜಿ ಹಾಕ್ರಿ. ಏನೂ ಆಗಿಲ್ಲ.'

ಏನೂ ಆಗಿಲ್ಲ.
ನಾನೇ ಎಷ್ಟು ಸಲ ಆಡಿದ್ದೇನೆ ಈ ಎರಡು ಪದ,
ಕಿಟಕಿಯ ಕಂಡಿಯಿಂದ ಕಾಗದ ದೂಡುತ್ತಾ.
ಹೋದ ತಿಂಗಳು ಜಗಳೂರು ಕಡೆಯ ಹೆಂಗಸು,
ಹೆಗಲ ಮೇಲೆ ನಿದ್ದೆಹೋದ ಮಗು:
'ಇನ್ನೊಂದ್ಸಲ ನೋಡವ್ವಾ, ರಾತ್ರಿ ಹೊತ್ತು ಮೈ ಬೆಚ್ಚಗಾಗ್ತತಿ.'
'ನಾರ್ಮಲ್ ಐತಿ, ನಡೀರಿ. ಮುಂದಿನವ್ರು.'
ಆಕೆ ನಡೆಯಲಿಲ್ಲ.
ಕಂಬಕ್ಕೆ ಒರಗಿ, ಓದಲು ಬಾರದ ಕಾಗದವನ್ನು
ನನ್ನ ಊಟದ ಹೊತ್ತಿನವರೆಗೂ ಓದುತ್ತಲೇ ಇದ್ದಳು.
ನಾರ್ಮಲ್ಲೇ ಇತ್ತು. ಸುಳ್ಳು ಹೇಳಿರಲಿಲ್ಲ.
ತಲೆ ಎತ್ತಿರಲಿಲ್ಲ, ಅಷ್ಟೇ.

ಎರಡೂ ಮುಕ್ಕಾಲು.
ಹರಿಹರದ ಕಡೆಗೆ ಗೂಡ್ಸೊಂದು ಹೋಯಿತು, ಮುಗಿಯದಷ್ಟು ಉದ್ದ.
ಬೂದ್ಯಾ ನಿದ್ದೆಯಲ್ಲೇ
ಇಲ್ಲದ ಮೊಲೆ ಚೀಪುವಂತೆ ಬಾಯಾಡಿಸಿ
ಒಮ್ಮೆ ಬಿಕ್ಕಿತು.
ನನ್ನ ಎಣಿಕೆ ಹತ್ತೊಂಬತ್ತಕ್ಕೆ ನಿಂತಿತು.

ಆಚೆ ಮಗ್ಗುಲಿಂದ, ಗೊರಕೆ ಹೊಡೆಯುತ್ತಿದ್ದಾನೆಂದು ನಾನು ತಿಳಿದ ಕಡೆಯಿಂದ,
ಕೊಟ್ರೇಶಿಯ ದನಿ:
'ನಂಗೆ ಮೂವತ್ಮೂರು ಬಂತು.
ನಿಂಗೆ?'