ಇಮಾಮಣ್ಣನ ಕಿಸೆಗೆ

ಕಿಸೆಯಾಗಿನ ಸ್ಕ್ರೂಡ್ರೈವರ್ ಮೊದಲು ತೆಗೆದು ಮೇಜಿನ ಮೇಲಿಡು, ಇಮಾಮಣ್ಣ.
ಮೂವತ್ತು ವರ್ಷದಿಂದ ಅದು ಅಲ್ಲೇ ಐತೆ, ಗೊತ್ತು,
ಅಂಗಿ ಅಂಗಿಗೂ ಅದರದೇ ಒಂದು ತೂತು.
ಗ್ವಾಂಗ್ಜೋದ ಮೆಟ್ರೋದಾಗ ಬಾಗಿಲಿಗೊಂದು ಚೀಲ ನೋಡೋ ಮಿಷನ್ನು.
ಕತ್ರಿ, ಎಣ್ಣೆ ಡಬ್ಬಿ, ಏನಿದ್ರೂ ಬುಟ್ಟಿಗೆ.
ನನ್ನ ನೂಲಿನ ಕತ್ರಿ ಹಂಗೇ ಹೋತು,
ಅಪ್ಪ ಕೊಡಿಸಿದ್ದು.

ಹಂಪಿ ಎಕ್ಸ್‌ಪ್ರೆಸ್ಸಿನಾಗೇ ನಿದ್ದಿ ಮುಗಿಸ್ಕ, ವಿಮಾನದಾಗ ಬರಂಗಿಲ್ಲ.
ಪವರ್ ಬ್ಯಾಂಕ್ ಕೈಚೀಲದಾಗಿರಲಿ,
ಮೈಮೇಲಿನ ನಂಬರ್ ಅಳಿಸಿರಬಾರದು.
ನಿಂದು ಅಳಿಸೈತೆ. ನಂದು ತಗಂಡು ಹೋಗು.
ದುಡ್ಡಿನ ಆ್ಯಪು ಇಲ್ಲೇ, ಕೌಲ್ ಬಜಾರಿನಾಗೇ ಹಾಕ್ಕ,
ಅಲ್ಲಿ ಇಳಿದ ಮೇಲೆ ನಮ್ಮ ಫೋನು ಅರ್ಧ ಸತ್ತಿರ್ತೈತೆ.
ಬಾಳೆಹಣ್ಣು ಮಾರೋ ಮುದುಕಿ ಕೂಡ
ನೋಟು ಕೊಟ್ರೆ ತಿರುಗಿಸಿ ತಿರುಗಿಸಿ ನೋಡ್ತಾಳೆ,
ಸತ್ತವರ ಕಾಗದ ಓದಿದಂಗ.

ಹೋಟ್ಲಿನ ಕಾರ್ಡು, ಅವರ ಅಕ್ಷರದಾಗಿರೋದು, ಎರಡು ಇಸ್ಕ.
ಒಂದು ಕಿಸೆಗೆ, ಒಂದು ಬೂಟಿನಾಗ.
ನಗಬ್ಯಾಡ.
ಮೊದಲನೇ ಸಲ ಎರಡು ತಾಸು
ಒಂದೇ ತರದ ಮೂವತ್ತು ಮಾಳಿಗೆಗಳ ಸುತ್ತ ತಿರುಗಿ
ನಾನು ಗುಡ್ಡ ಹುಡುಕಿದೆ ನೋಡಣ್ಣ.
ಬಳ್ಳಾರಿಯಾಗ ಎಲ್ಲಿ ತಪ್ಪಿಸಿಕೊಂಡ್ರೂ
ತಲೆ ಎತ್ತಿದ್ರೆ ಆ ಬಂಡೆ ಐತೆ,
ಕೋಟೆ ಎಡಕ್ಕೆ ಬಂದ್ರೆ ಮನೆ ಬಂತು.
ಅಲ್ಲಿ ತಲೆ ಎತ್ತಿದ್ರೆ ಕುತ್ತಿಗೆ ನೋಯ್ತೈತೆ, ಅಷ್ಟೇ.
ಸ್ಟೇಷನ್ನಿನ ಹೆಸರಿನ ಜೊತೆ ಯಾವ ಬಾಗಿಲು ಅಂತ ಬರಕ.
ಒಂದು ಬಾಗಿಲು ತಪ್ಪಿದ್ರೆ
ಮೋತಿ ಸರ್ಕಲ್ಲಿಗೆ ಹೊರಟು ಹಗರಿಯಾಗ ಎದ್ದಂಗ.

ಹಸಿರು ಬೋರ್ಡು, ಮೇಲೆ ಅರಬ್ಬಿ ಅಕ್ಷರ ಕಂಡ್ರೆ ಒಳಗ ನುಗ್ಗು.
ಹುಡುಗ ಹಿಟ್ಟು ಎಳೆದು ಎಳೆದು ದಾರ ಮಾಡ್ತಾನೆ,
ನಾಲ್ಕೆಳೆ, ಎಂಟೆಳೆ, ಹದಿನಾರು,
ನಿನಗದು ಊಟಕ್ಕಿಂತ ಹೆಚ್ಚು ಹಿಡಿಸ್ತೈತೆ.
ಶೇಂಗಾ ಪುಡಿ, ಖಡಕ್ ರೊಟ್ಟಿ ನಾನು ಕಟ್ಟಿಕೊಡ್ತೀನಿ.
ಬಿಸಿನೀರು ಎಲ್ಲೆಲ್ಲೂ ಪುಕ್ಕಟೆ.
ಪಾಯಖಾನೆಗೆ ಕಾಗದ ನೀನೇ ಒಯ್ಯಬೇಕು.

ರೇಟು ಬೆರಳಿನಾಗ ಹೇಳ್ತಾರೆ, ಇದು ಗಟ್ಟಿ ಕೇಳು.
ಹೆಬ್ಬೆರಳು ಕಿರುಬೆರಳು ಚಾಚಿದ್ರೆ ಆರು.
ಹೆಬ್ಬೆರಳು ತೋರುಬೆರಳು ಚಾಚಿದ್ರೆ ಎಂಟು.
ಎರಡಲ್ಲ!
ಎರಡು ಅಂದ್ಕಂಡೇ ನಾನು ನಾಲ್ಕು ಸಾವಿರ ಜಿಪ್ಪಿಗೆ ತಲೆಯಾಡಿಸಿದ್ದು.
ಬಾಯಾಗ ಒಪ್ಪಬ್ಯಾಡ, ಕ್ಯಾಲ್ಕುಲೇಟರಿನಾಗ ಒಪ್ಪು.

ಆಮೇಲೆ ಷೆಡ್ಡಿಗೆ ಕರಕಂಡು ಹೋಗ್ತಾರೆ.
ಮಿಷನ್ನಿಗೆ ಹೊಸ ಬಣ್ಣ ಬಳಿದಿರ್ತಾರೆ.
ಹೋದ ಸಲ ಬಣ್ಣ ನೋಡೇ ತಂದೆನಲ್ಲ ಕಾಜಾ ಮಿಷನ್ನು,
ಈಗ ಅದರ ಮೇಲೆ ಟವೆಲ್ ಒಣಹಾಕ್ತೀವಿ.
ಅದಕ್ಕೇ ನಿನ್ನ ಕಳಿಸೋದು.
ಚಾಲು ಮಾಡ್ರಿ ಅಂತ ಕೈ ಮಾಡು, ಕಣ್ಣು ಮುಚ್ಚು.
ಕರೆಂಟ್ ಬಂದು ಹದಿನಾಲ್ಕು ಮಿಷನ್ ಒಟ್ಟಿಗೆ ಚೀರೋವಾಗ
ಚಾ ಕುಡೀತಾ ಅಂತೀಯಲ್ಲ,
ಮೂರನೇದಕ್ಕೆ ಎಣ್ಣೆ ಬೇಕು, ಅಂತ,
ಹಂಗ ಕೇಳು.
ಅದು ಚೀನಿ ಮಾತಾಡಂಗಿಲ್ಲ.

ಇನ್ನೊಂದೈತೆ, ಉಪಯೋಗದ ಮಾತಲ್ಲ.
ಷೆಡ್ಡಿನ ಹಿಂದೆ ಒಂದು ಕಾಲುವೆ.
ನಮ್ಮ ವಾಷಿಂಗ್ ಯೂನಿಟ್ಟಿನ ಮೋರಿಯದೇ ನೀಲಿ,
ಅದೇ ವಾಸನೆ.
ಆ ಊರಾಗ ದಾರಿ ತಪ್ಪಿಲ್ಲ ಅಂತ ನನಗನಿಸಿದ್ದು ಅಲ್ಲೊಂದೇ ಕಡೆ,
ಹೆಮ್ಮೆ ಪಡೋ ವಿಷಯ ಅಲ್ಲ.
ನಲ್ಲಿ ಹತ್ರ ಒಬ್ಬಾಕೆ ಕೈ ತಿಕ್ಕಿ ತಿಕ್ಕಿ ತೊಳೀತಿದ್ಲು.
ನನ್ನ ಉಗುರು ತೋರಿಸಿದೆ.
ಆಕೆ ತನ್ನದು ತೋರಿಸಿದ್ಲು.
ಸೋಪು ನನ್ನ ಕಡೆ ಸರಿಸಿದ್ಲು.

ನಾಳೆ ರಾತ್ರಿ ಒಂಬತ್ತಕ್ಕೇ ಸ್ಟೇಷನ್ನಿನಾಗಿರು.
ಸ್ಕ್ರೂಡ್ರೈವರ್ ನನ್ನ ಡ್ರಾದಾಗ ಇಟ್ಟಿರ್ತೀನಿ.
ಬೇಕಾದ್ರೆ ಷೆಡ್ಡಿನಾಗ ಅವರದ್ದೇ ಇಸ್ಕ,
ಕೆಲಸ ಮುಗಿದ ಮೇಲೆ ಕೊಡು,
ಮರೆತು ಕಿಸೆಗೆ ಹಾಕ್ಕಬ್ಯಾಡ.